ಆಚೆ ಬದಿಯಲ್ಲಿ ಕಡಿಮೆ

ಆ ಊರಿನ ದೊಡ್ಡ ಬೀದಿಯ ನಟ್ಟನಡುವೆ ಯಾವುದೋ ಕಾಲದಲ್ಲಿ ಯಾರೋ ಒಂದು ಗೀಟು ಎಳೆದು ಹೋಗಿದ್ದರು. ಗೀಟಿನ ಈಚೆಗೆ ಒಂದು ಪುರಸಭೆ, ಆಚೆಗೆ ಇನ್ನೊಂದು. ಎರಡಕ್ಕೂ ಗಾಳಿ ಒಂದೇ, ನೀರು ಒಂದೇ, ಬೆಳಗಾದರೆ ಹೊಳೆಯಿಂದೆದ್ದು ಮನೆಮನೆಯ ಕಿಟಕಿಯಲ್ಲಿ ಇಣುಕುವ ಮಂಜೂ ಒಂದೇ. ತೆರಿಗೆ ಮಾತ್ರ ಬೇರೆ ಬೇರೆ. ಮೂಡಣ ಬದಿಯಲ್ಲಿ ಕೂತು ಉಂಡರೆ ತೆರಿಗೆ ಜಾಸ್ತಿ, ಚಪ್ಪಲಿ ಕೊಂಡರೆ ಕಡಿಮೆ. ಪಡುವಣ ಬದಿಯಲ್ಲಿ ಚಪ್ಪಲಿಗೆ ಜಾಸ್ತಿ, ಊಟಕ್ಕೆ ಕಡಿಮೆ. ಬ್ರೆಡ್ಡು ಕಟ್ಟಿಸಿಕೊಂಡು ಮನೆಗೆ ಒಯ್ದರೆ ಎಲ್ಲೂ ತೆರಿಗೆ ಇಲ್ಲ. ಅದೇ ಬ್ರೆಡ್ಡನ್ನು ಅಂಗಡಿಯ ಬೆಂಚಿನ ಮೇಲೆ ಕೂತು ಕಚ್ಚಿದಿರೋ, ಅದು ಊಟವಾಗಿಬಿಡುತ್ತಿತ್ತು. ಜನ ಇದಕ್ಕೆ ಒಗ್ಗಿಹೋಗಿದ್ದರು. ಹಸಿವಾದಾಗ ಹತ್ತಿರದಲ್ಲೇ ಉಂಡು, ಚಪ್ಪಲಿ ಹರಿದಾಗ ಹತ್ತಿರದಲ್ಲೇ ಕೊಂಡು, ಪುರಸಭೆಗೆ ನಾಲ್ಕು ಬೈದು ಸುಮ್ಮನಾಗುತ್ತಿದ್ದರು.

ಹಾಗೆ ಸುಮ್ಮನಾಗದವರು ಊರಿಗೆಲ್ಲ ಒಬ್ಬರೇ. ಅವರಿಗೆ ಹೆತ್ತವರು ಇಟ್ಟ ಹೆಸರು ಏನಿತ್ತೋ, ಈಗ ಅದು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವರು ಆಚೆಬದಿಯವರು. ಯಾರ ಕೈಯಲ್ಲಿ ಯಾವ ಪೊಟ್ಟಣ ಕಂಡರೂ, "ಇದು ಆಚೆ ಬದಿಯಲ್ಲಿ ಕಡಿಮೆ" ಎಂದು ನಿಟ್ಟುಸಿರು ಬಿಡುವುದು ಅವರ ವಾಡಿಕೆ. ಪೊಟ್ಟಣ ಆಚೆ ಬದಿಯಿಂದಲೇ ಬಂದಿದ್ದರೆ ಈಚೆ ಬದಿ ಅವರಿಗೆ ಆಚೆ ಬದಿಯಾಗುತ್ತಿತ್ತು. ತಾವು ನಿಂತ ಕಡೆ ಎಂದೂ ಯಾವುದೂ ಕಡಿಮೆ ಇರಲಾರದು ಎಂಬುದು ಅವರ ದೃಢವಾದ ನಂಬಿಕೆ.

ಪಡುವಣ ಬದಿಯ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಳೆಯುವುದು ಅವರ ಕೆಲಸ. ಮಂಡಿಯೂರಿ ಕೂತು, ಗಿರಾಕಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, "ಇಲ್ಲಿ ಒತ್ತುತ್ತಾ? ಕಿರುಬೆರಳಿಗೆ ಜಾಗ ಸಾಕಾ?" ಎಂದು ಕೇಳುವಾಗ ಅವರ ದನಿಯಲ್ಲಿ ಎಂಥ ಅಕ್ಕರೆ ಇರುತ್ತಿತ್ತೆಂದರೆ, ಕಾಲು ನೋಯದವರಿಗೂ ಒಂದಿಷ್ಟು ನೋಯುತ್ತಿದೆ ಅನ್ನೋಣ ಅನಿಸುತ್ತಿತ್ತು. ಎಲ್ಲ ಅಳೆದು, ತೊಡಿಸಿ, ಗಿರಾಕಿ ಕನ್ನಡಿಯ ಮುಂದೆ ನಿಂತು ಖುಷಿಪಡುವ ಹೊತ್ತಿಗೆ ಅವರು ದನಿ ತಗ್ಗಿಸಿ, "ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಇದೇ ಜೋಡು ಆಚೆ ಬದಿಯಲ್ಲಿ ಕಡಿಮೆ" ಅಂದುಬಿಡುತ್ತಿದ್ದರು. ಬೇಕೆಂದು ಮಾಡುತ್ತಿದ್ದುದಲ್ಲ, ಪಾಪ. ಸೀನು ಬಂದ ಹಾಗೆ ಬಂದುಬಿಡುತ್ತಿತ್ತು.

ಒಂದು ದಿನ ಅಂಗಡಿಯ ಮಾಲೀಕರು ಕರೆದು ಎದುರಿಗೆ ಕೂರಿಸಿಕೊಂಡರು.

"ಅಲ್ಲಯ್ಯ, ನಿನಗೆ ಸಂಬಳ ಯಾವ ಬದಿಯಿಂದ ಬರ್ತಿದೆ?"

"ಈ ಬದಿಯಿಂದಲೇ, ಸಾರ್."

"ಹಾಗಾದ್ರೆ ನಾಲಿಗೇನೂ ಈ ಬದಿಯಲ್ಲೇ ಇಟ್ಕೊ."

ಇಷ್ಟು ಹೇಳಿ ಮಾಲೀಕರು ತಮ್ಮ ಹೊಸ ಕನ್ನಡಕ ಹಾಕಿಕೊಂಡರು. ಆಚೆಬದಿಯವರು ಕನ್ನಡಕವನ್ನು ನೋಡಿದರು. ಬಾಯಿ ತೆರೆದರು. ಮಾಲೀಕರು ಬೆರಳು ತೋರಿಸಿದ ಮೇಲೆ ಮುಚ್ಚಿದರು.

ಊರಿಗೆ ಇದೆಲ್ಲ ತಮಾಷೆ, ಹೆಂಡತಿಗಲ್ಲ. ಒಮ್ಮೆ ಮೂಡಣ ಬದಿಯಲ್ಲಿ ಗಂಡಹೆಂಡಿರು ಹೋಗುತ್ತಿರುವಾಗ ಮಳೆ ಹಿಡಿಯಿತು. ಎದುರಿಗೇ ಕೊಡೆಯ ಅಂಗಡಿ. ಆದರೆ ಕೊಡೆ ಆಚೆ ಬದಿಯಲ್ಲಿ ಕಡಿಮೆ. ಹೆಂಡತಿಯ ಕೈಹಿಡಿದು ಓಡಿದರು. ಗೀಟು ದಾಟಿ ಕೊಡೆ ಕೊಂಡು ಬಿಚ್ಚುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಂತು. ಆಕೆ ಆ ವಾರವೆಲ್ಲ ಜ್ವರದಲ್ಲಿ ಮಲಗಿದ್ದಳು, ತಲೆದೆಸೆಯಲ್ಲಿ ಹೊಸ ಕೊಡೆ. ಐಸ್‌ಕ್ರೀಮಿನ ಕಥೆಯೂ ಇಷ್ಟೇ. ಕೂತರೆ ಊಟ, ನಡೆದರೆ ಊಟವಲ್ಲ. ಹೀಗಾಗಿ ಮದುವೆಯಾದಂದಿನಿಂದ ಆಕೆ ಮನೆಯ ಹೊರಗೆ ತಿಂದದ್ದನ್ನೆಲ್ಲ ನಡೆಯುತ್ತಲೇ ತಿಂದಿದ್ದಳು. ಊರಿನ ಕಾಲುಗಳಿಗೆಲ್ಲ ಎಲ್ಲಿ ಒತ್ತುತ್ತದೆ ಎಂದು ಕೇಳುತ್ತಿದ್ದ ಮನುಷ್ಯ ಈ ಎರಡು ಕಾಲುಗಳನ್ನು ಮಾತ್ರ ಕೇಳಿರಲಿಲ್ಲ.

ಹೀಗಿರುವಾಗ ಆಕೆಯ ಅಕ್ಕ ಮತ್ತು ಭಾವ ಬೇರೆ ಊರಿನಿಂದ ಬಂದು ನಾಲ್ಕು ದಿನ ಉಳಿದರು. ಅಕ್ಕ ಎಲ್ಲವನ್ನೂ ನೋಡುವ ಹೆಂಗಸು. ಭಾವ ಕೂತಲ್ಲೇ ನಿದ್ದೆ ಹೋಗುವ ಗಂಡಸು. ಹೊರಡುವ ಹಿಂದಿನ ದಿನ ಅಕ್ಕ ತಂಗಿಯ ಪಾದಗಳನ್ನು ಒಮ್ಮೆ ದಿಟ್ಟಿಸಿ, "ನೀನೂ ನಮ್ಮ ಜೊತೆ ಬಂದುಬಿಡು. ನಮ್ಮ ಊರಲ್ಲಿ ಎಲ್ಲಾ ಬೀದಿಗೂ ಒಂದೇ ತೆರಿಗೆ" ಅಂದಳು. ಆಕೆ ಬೇಡ ಅನ್ನಲಿಲ್ಲ. ಬಾಗಿಲ ಬಳಿ ಒಂದು ಕಂದು ಬಣ್ಣದ ಚೀಲ ಬಂದು ಕೂತಿತು. ಆಚೆಬದಿಯವರು ಅದನ್ನು ಎರಡು ಸಲ ಎಡವಿ, ಮೂರನೆಯ ಸಲ ಯಾರದೆಂದು ಕೇಳಿದರು.

"ನನ್ನದು," ಅಂದಳು ಹೆಂಡತಿ. "ಇವತ್ತು ನನ್ನ ಹುಟ್ಟಿದ ದಿನ. ಹೊಳೆ ಕಡೆ ಹೋಟೆಲಿಗೆ ಹೋಗೋಣ. ಕಿಟಕಿ ಪಕ್ಕ ಕೂತು, ಮೊದಲಿಂದ ಕೊನೆ ತನಕ, ಒಂದೇ ಜಾಗದಲ್ಲಿ ಒಂದು ಊಟ ಮಾಡಬೇಕು ಅಂತ ನನಗಾಸೆ. ನನ್ನನ್ನ ನಡುವೆ ಎಬ್ಬಿಸಬಾರದು."

"ಖಂಡಿತ ಎಬ್ಬಿಸಲ್ಲ."

"ಎಬ್ಬಿಸಿದರೆ ಬೆಳಿಗ್ಗೆ ಅಕ್ಕನ ಜೊತೆ ಬಸ್ಸು ಹತ್ತುತ್ತೀನಿ. ಯಾವಾಗ ವಾಪಸ್ ಬರ್ತೀಯ ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ."

ಆಚೆಬದಿಯವರು ಚೀಲವನ್ನು ಇನ್ನೊಮ್ಮೆ ನೋಡಿದರು. ಹೆಂಡತಿ ಎಂದರೆ ಅವರಿಗೆ ಪ್ರಾಣ. ಅದನ್ನು ಹೇಳುವುದಕ್ಕೆ ಯಾವ ಬದಿಯಲ್ಲೂ ತೆರಿಗೆ ಇರಲಿಲ್ಲವಾದರೂ ಅವರು ಹೇಳಿರಲಿಲ್ಲ, ಅಷ್ಟೆ. ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ ಎಂಬುದನ್ನು ಅವರ ಪರವಾಗಿ ಇಲ್ಲಿ ಹೇಳಲೇಬೇಕು. ಮುಂದೆ ಹೇಳುವುದಕ್ಕೆ ಅಂಥದ್ದು ಹೆಚ್ಚೇನೂ ಇಲ್ಲ.

ಹೊಳೆ ಕಡೆಯ ಹೋಟೆಲು ಹಿಂದೆ ಬಟ್ಟೆಯ ಗೋದಾಮು. ಎತ್ತರದ ಸೂರು, ಉದ್ದನೆಯ ಹಜಾರ, ಕನ್ನಡಿಯಂತೆ ಸವೆದ ನೆಲ. ತೊಳೆದ ನೀರು ಹರಿದುಹೋಗಲೆಂದು ನೆಲವನ್ನು ಮೂಡಣದಿಂದ ಪಡುವಣಕ್ಕೆ ಕಂಡೂಕಾಣದಷ್ಟು ಇಳಿಜಾರು ಮಾಡಿದ್ದರು. ಬಟ್ಟೆ ಕತ್ತರಿಸುವ ಗಾಲಿಮೇಜುಗಳನ್ನೇ ಹೋಟೆಲಿನವರು ಊಟಕ್ಕೆ ಇಟ್ಟುಕೊಂಡಿದ್ದರು. ಉರುಳದಿರಲೆಂದು ಪ್ರತಿ ಮೇಜಿನ ಒಂದು ಗಾಲಿಗೆ ಒಂದು ಮರದ ಬೆಣೆ. ಮೂಡಣ ಗೋಡೆಯ ತುಂಬ ಕಿಟಕಿಗಳು, ಆಚೆ ಹೊಳೆ. ಸಂಜೆಯ ಹೊಂಬಿಸಿಲು ಆಚೆ ದಡದ ಮನೆಗಳ ಗಾಜಿಗೆ ಬಡಿದು ನೀರಿಗೆ ಬಿದ್ದು, ಅಲ್ಲಿಂದ ಸೂರಿಗೆ ಚಿಮ್ಮಿ, ಹಜಾರವೆಲ್ಲ ತೂಕಡಿಸುವಂತೆ ಅಲುಗುತ್ತಿತ್ತು. ಮಾತನಾಡುವವರು ತಂತಾವೇ ದನಿ ತಗ್ಗಿಸುತ್ತಿದ್ದರು. ಹೆಂಡತಿ ಕಿಟಕಿಯ ಪಕ್ಕ ಕೂತು, ಚಪ್ಪಲಿ ಬಿಟ್ಟು, ಕಾಲು ನೀಡಿ, "ಆಹಾ" ಅಂದಳು. ಆಚೆಬದಿಯವರಿಗೂ ಹಿತವೆನಿಸಿತು. ಎಲ್ಲ ಅಲ್ಲಿಗೇ ನಿಂತಿದ್ದರೆ ಈ ಕಥೆ ಇಲ್ಲ.

ಆದರೆ ಕರವಸ್ತ್ರ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರಿಗೆ ಹಜಾರದ ನಡುವೆ ನೆಲದಲ್ಲಿ ಹೂತ ಒಂದು ಹಿತ್ತಾಳೆಯ ಪಟ್ಟಿ ಫಳಫಳ ಹೊಳೆಯುವುದು ಕಂಡಿತು.

"ಅದೇನದು?" ಎಂದು ಅವರು ಹೋಟೆಲಿನ ಯಜಮಾನರನ್ನು ಕೇಳಿದರು.

"ಅದಾ, ಅದೇ ಗೀಟು," ಅಂದರು ಯಜಮಾನರು, ತಮ್ಮ ಮನೆಯ ಒಡವೆ ತೋರಿಸುವವರಂತೆ. "ಬೀದಿ ಮುಗಿದ ಮೇಲೆ ನಮ್ಮ ಹಜಾರದೊಳಗೇ ಹಾದುಹೋಗುತ್ತೆ. ಬಿಲ್ ಹಾಕೋ ಹೊತ್ತಿಗೆ ಮೇಜು ಪಟ್ಟಿಯ ಯಾವ ಕಡೆ ಇರುತ್ತೋ ಆ ಕಡೆಯ ತೆರಿಗೆ. ಎರಡೂ ಪುರಸಭೆ ಒಪ್ಪಿವೆ. ಅವೆರಡು ಒಟ್ಟಿಗೆ ಒಪ್ಪಿದ್ದು ಇದೊಂದೇ."

ಆಚೆಬದಿಯವರು ಕರವಸ್ತ್ರ ಎತ್ತಿಕೊಳ್ಳಲಿಲ್ಲ. ಇಳಿಜಾರು ನೋಡಿದರು, ಗಾಲಿ ನೋಡಿದರು, ಬೆಣೆ ನೋಡಿದರು. ಎಬ್ಬಿಸಬಾರದು ಅಂದಿದ್ದಾಳೆ, ಸರಿ. ಜರುಗಿಸಬಾರದು ಅಂದಿಲ್ಲವಲ್ಲ. ದೊಡ್ಡ ದೊಡ್ಡ ವಕೀಲರಿಗೂ ಹೊಳೆಯದ ಈ ಸೂಕ್ಷ್ಮ ತಮಗೆ ಹೊಳೆಯಿತೆಂದು ಅವರಿಗೆ ಒಳಗೊಳಗೇ ಹೆಮ್ಮೆಯಾಯಿತು. ಸೂಪು ಬಂದಾಗ ಕಾಲಿನ ಹೆಬ್ಬೆರಳಿನಿಂದ ಬೆಣೆಯನ್ನು ಮೆಲ್ಲಗೆ ತಳ್ಳಿದರು.

ಮೇಜು ಒಂದು ಗೇಣು ಜರುಗಿತು.

ಮನುಷ್ಯನ ಸ್ವಭಾವ ನೋಡಿ: ತಟ್ಟೆ ಒಂದು ಗೇಣು ದೂರ ಹೋದರೆ ಯಾರೂ ಯಾಕೆಂದು ಕೇಳುವುದಿಲ್ಲ, ಕುರ್ಚಿಯನ್ನು ಒಂದು ಗೇಣು ಎಳೆದುಕೊಳ್ಳುತ್ತಾರೆ. ಅಕ್ಕ ಎಳೆದುಕೊಂಡಳು. ಭಾವ ಮೇಜಿನ ಮೇಲೆ ಮೊಣಕೈಯೂರಿ ಆಗಲೇ ಕಣ್ಣುಮುಚ್ಚಿದ್ದರು. ನುಣುಪಾದ ನೆಲದ ಮೇಲೆ ಅವರ ಕುರ್ಚಿ ಮೇಜಿನ ಜೊತೆ ತಾನೇ ಬಂತು. ಆಚೆಬದಿಯವರು ತಲೆ ತಗ್ಗಿಸಿ ಹಿತ್ತಾಳೆ ಪಟ್ಟಿಯ ಮೇಲೆ ಕಣ್ಣು ನೆಟ್ಟು, ಮಂಡಿಯಿಂದ ಒತ್ತುತ್ತ, ಎರಡು ಗುಟುಕಿಗೆ ಒಂದು ಗೇಣಿನಂತೆ ಸಾಗಿದರು. ನಡುವೆ, ತಲೆಯೆತ್ತದೆಯೇ, "ಚೆನ್ನಾಗಿದೆಯೇನೇ?" ಎಂದು ಹೆಂಡತಿಯನ್ನು ಕೇಳಿದರು. ಉತ್ತರ ಬರಲಿಲ್ಲ. ಸುಖವಾಗಿದ್ದಾಳೆ, ಮಾತೇ ಹೊರಡುತ್ತಿಲ್ಲ ಅಂದುಕೊಂಡರು.

ಅಕ್ಕ ಒಂದೆರಡು ಸಲ ಕಿಟಕಿಯನ್ನೂ ಕಂಬವನ್ನೂ ನೋಡಿ ಬೆವರಿದಳು. ಕಂಬ ಹಿಂದಕ್ಕೆ ಹೋಗುತ್ತಿತ್ತು. ತನಗೆ ತಲೆಸುತ್ತು ಎಂದು ಗೊತ್ತಾದರೆ ಡಾಕ್ಟರು ಸಿಹಿ ನಿಲ್ಲಿಸಿಬಿಡುತ್ತಾರೆಂದು ಆಕೆಗೆ ಭಯ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಏನೂ ಆಗದವಳಂತೆ ಹವಾಮಾನದ ಬಗ್ಗೆ ಮಾತಾಡುತ್ತ, ಆಕೆಯೂ ಪಡುವಣಕ್ಕೆ ಪ್ರಯಾಣ ಮಾಡಿದಳು.

ಪಕ್ಕದ ಮೇಜಿನಲ್ಲಿ ಹಲ್ಲಿನ ಡಾಕ್ಟರು ಹೆಂಡತಿಯ ಜೊತೆ ಕೂತಿದ್ದರು. ಮೊದಲು ಅವರು ನಕ್ಕರು. ಆಮೇಲೆ ಹಿತ್ತಾಳೆ ಪಟ್ಟಿ ನೋಡಿದರು. ಆಮೇಲೆ ನಗು ನಿಲ್ಲಿಸಿ ತಮ್ಮ ಮೇಜಿನ ಬೆಣೆ ಹುಡುಕಿದರು. ಅವರ ಹಿಂದಿನ ಮೇಜಿನ ಕ್ಷೌರಿಕ, ಅವನ ಪಕ್ಕದ ಬೀಗರ ಗುಂಪು, ಎಲ್ಲರಿಗೂ ಒಂದೊಂದಾಗಿ ಬುದ್ಧಿ ಬಂತು. ಯಾರೂ ಮಾತಾಡಲಿಲ್ಲ. ಹೊಳೆಯ ಬೆಳಕು ಸೂರಿನ ಮೇಲೆ ತೂಗುತ್ತಿತ್ತು. ಕೆಳಗೆ ಮೇಜುಗಳು, ಮೇಲೆ ಬಿಳಿ ಬಟ್ಟೆ, ಹೂದಾನಿ, ಹಬೆಯಾಡುವ ತಟ್ಟೆಗಳ ಸಮೇತ, ಸಂಜೆಗೆ ದಡ ಸೇರುವ ದೋಣಿಗಳ ಹಾಗೆ ಸದ್ದಿಲ್ಲದೆ ತೇಲುತ್ತ ಹೋದವು. ಬಡಿಸುವವರು ಪಾತ್ರೆ ಹಿಡಿದು ಹಿಂದೆ ಹಿಂದೆ ನಡೆದರು. ಅದನ್ನು ನೋಡಿದ ಯಾರಿಗಾದರೂ ತಮಗೆ ಮಂಪರು ಹತ್ತಿದೆ ಅನಿಸುತ್ತಿತ್ತು. ಯಜಮಾನರಿಗೂ ಹಾಗೇ ಅನಿಸಿ, ಅವರು ಮುಖ ತೊಳೆಯಲು ಹೋದರು.

ಹಜಾರದ ಮೂಡಣ ಮೂಲೆಯಲ್ಲಿ ಒಬ್ಬರು ಪತ್ರಿಕೆ ಓದುತ್ತ ಸೂಪು ಕುಡಿಯುತ್ತಿದ್ದರು. ಅವರು ಮೂಡಣ ಪುರಸಭೆಯ ತೆರಿಗೆ ಅಧಿಕಾರಿ. ಪತ್ರಿಕೆ ಮಡಿಚಿ ತಲೆಯೆತ್ತಿದರೆ, ತುಂಬಿ ತುಳುಕುತ್ತಿದ್ದ ಅವರ ಬದಿ ಬಟಾಬಯಲು. ಪಡುವಣ ಬದಿಯಲ್ಲಿ ಮೇಜಿಗೆ ಮೇಜು ತಾಗಿ, ಒಬ್ಬರ ಮೊಣಕೈ ಇನ್ನೊಬ್ಬರ ಸೂಪಿನಲ್ಲಿ. ಅಧಿಕಾರಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕೆಲಸಕ್ಕೆ ಸೇರಿದಂದಿನಿಂದ ಜನ ತೆರಿಗೆ ತಪ್ಪಿಸುವುದನ್ನು ಅವರು ನೋಡಿದ್ದರು. ಒಂದು ಬದಿಗೆ ಬದಿಯೇ ಊಟದ ನಡುವೆ ವಲಸೆ ಹೋದದ್ದನ್ನು ನೋಡಿರಲಿಲ್ಲ.

ನೇರ ಬಂದು ಪಟ್ಟಿಯ ಮೇಲೆ ನಿಂತರು. ಎದುರಿಗೆ ಸಿಕ್ಕವರು ಹಲ್ಲಿನ ಡಾಕ್ಟರು.

"ಊಟದ ನಡುವೆ ಮೇಜು ಓಡಾಡಬಹುದು ಅಂತ ಒಪ್ಪಂದದಲ್ಲಿಲ್ಲ. ನೀವು ಊಟ ಶುರು ಮಾಡಿದ್ದೆಲ್ಲಿ?"

"ಸೂಪು ನಿಮ್ಮ ಬದಿ, ಸ್ವಾಮಿ. ಸುಳ್ಳು ಹೇಳಲ್ಲ," ಅಂದರು ಡಾಕ್ಟರು. "ತರಕಾರಿ ಮಾತ್ರ ಪಟ್ಟಿಯ ಮೇಲೆ ಬಂತು. ಅಗಿದಿದ್ದು ಅಲ್ಲಿ, ನುಂಗಿದ್ದು ಇಲ್ಲಿ."

"ಹಾಗಾದ್ರೆ ತೆರಿಗೆ ಅಗಿಯೋದಕ್ಕೋ, ನುಂಗೋದಕ್ಕೋ?" ಎಂದು ಕ್ಷೌರಿಕ ತಿಳಿದುಕೊಳ್ಳುವ ಆಸೆಯಿಂದ ಕೇಳಿದ.

"ಅಗಿಯೋದಕ್ಕೆ ಅಂದರೆ ಹಲ್ಲಿಲ್ಲದ ನಮ್ಮ ಬೀಗರಿಗೆ ಪೂರ್ತಿ ಮಾಫಿ ಆಗಬೇಕು," ಅಂತ ಹಿಂದಿನಿಂದ ಒಂದು ಹೆಣ್ಣುದನಿ.

ಅಧಿಕಾರಿ ಗಂಭೀರವಾಗಿ ಯೋಚಿಸಿದರು. ಈ ಪ್ರಶ್ನೆ ಅವರ ಇಲಾಖೆಯ ಬುಡಕ್ಕೇ ಕೈಹಾಕುವಂಥದ್ದು.

"ಇದನ್ನ ಮೇಲಿನವರನ್ನ ಕೇಳಬೇಕು," ಅಂದರು ಕೊನೆಗೆ. "ನಾನು ಕೇಳಿ ಹೇಳೋ ತನಕ ಯಾರೂ ಏನೂ ನುಂಗಬೇಡಿ."

ಸರ್ಕಾರದ ಮಾತು. ಬಾಯಲ್ಲಿ ತುತ್ತಿದ್ದವರು ಅದನ್ನು ಹಾಗೇ ದವಡೆಯಲ್ಲಿಟ್ಟುಕೊಂಡು ಕೂತರು. ಅಕ್ಕನ ಎರಡೂ ಕೆನ್ನೆ ಉಬ್ಬಿದ್ದವು. ಆಚೆಬದಿಯವರ ಕೆನ್ನೆ ಒಂದು ಕಡೆ ಉಬ್ಬಿತ್ತು. ಅಷ್ಟು ಜನ ಇರುವ ಹಜಾರದಲ್ಲಿ ಒಂದು ಪಿಸುಮಾತೂ ಇಲ್ಲ. ಭಾವನ ಗೊರಕೆ ಒಂದೇ, ಅದೂ ಹಿತವಾಗಿ.

ಆ ನಿಶ್ಶಬ್ದದಲ್ಲಿ ದೂರದಿಂದ ಟಿಣ್ ಎಂದು ಒಂದು ಸದ್ದು ಬಂತು. ಚಮಚ ತಟ್ಟೆಗೆ ತಾಗಿದ ಸದ್ದು.

ಎಲ್ಲರೂ ತಿರುಗಿದರು. ಖಾಲಿಬಿದ್ದ ಮೂಡಣ ಬದಿಯಲ್ಲಿ, ಕಿಟಕಿಯ ಪಕ್ಕ, ಒಂದೇ ಒಂದು ಕುರ್ಚಿ. ಕುರ್ಚಿಯಲ್ಲಿ ಒಬ್ಬ ಹೆಂಗಸು. ತಟ್ಟೆ ಕಿಟಕಿಯ ಅಗಲವಾದ ಕಟ್ಟೆಯ ಮೇಲೆ, ಬರಿಗಾಲು ಬೆಳಕಲ್ಲಿ, ಕಣ್ಣು ಹೊಳೆಯ ಮೇಲೆ. ಯಾರ ಗೊಡವೆಯೂ ಇಲ್ಲದೆ, ತುಂಬ ನಿಧಾನವಾಗಿ ಉಣ್ಣುತ್ತಿದ್ದಳು.

ಆಚೆಬದಿಯವರು ತಮ್ಮ ಎದುರಿನ ಜಾಗ ನೋಡಿದರು. ಅಲ್ಲಿ ಕುರ್ಚಿಯೇ ಇರಲಿಲ್ಲ. ಇಷ್ಟು ಹೊತ್ತು ಅವರು ಚೆನ್ನಾಗಿದೆಯಾ ಎಂದು ಕೇಳಿದ್ದು ಹೂದಾನಿಯನ್ನು.

ಅಧಿಕಾರಿ ಕಿಟಕಿಯ ಬಳಿ ನಡೆದರು.

"ಅಮ್ಮಾ, ನೀವು ಯಾವ ಮೇಜಿನವರು?"

ಆಕೆ ಚಮಚದಿಂದ ತೋರಿಸಿದಳು. "ಅದೋ, ಆ ಮೇಜು."

"ಮತ್ತೆ ಅಲ್ಲಿಂದ ಎದ್ದು ಬಂದಿದ್ದು ಯಾವಾಗ?"

"ನಾನು ಎದ್ದೇ ಇಲ್ಲ ಸ್ವಾಮಿ. ಮೇಜೇ ಎದ್ದು ಹೋಯ್ತು. ಅದರ ಜೊತೆ ನಮ್ಮ ಮನೆಯವರೂ ಹೋದರು."

"ನಿಮ್ಮದು ಪೂರ್ತಿ ಊಟ ಇಲ್ಲೇ?"

"ಪೂರ್ತಿ ಇಲ್ಲೇ. ತೆರಿಗೆ ನಾನೇ ಕೊಡ್ತೀನಿ, ಬರ್ಕೊಳ್ಳಿ."

ಅಧಿಕಾರಿಯ ಕಣ್ಣು ಒದ್ದೆಯಾಯಿತೆಂದು ಆಮೇಲೆ ಊರಲ್ಲಿ ಹೇಳಿಕೊಂಡರು. ಕೇಳದೆಯೇ ಕೊಡುತ್ತೇನೆ ಅಂದವರನ್ನು ಅವರು ನೋಡಿದ್ದು ಅದೇ ಮೊದಲು.

ಅಕ್ಕ ಬಾಯಲ್ಲಿದ್ದುದನ್ನು ಕಾನೂನು ಮೀರಿ ನುಂಗಿದಳು. "ಬಸ್ಸು ಬೆಳಿಗ್ಗೆ ಬೇಗ ಇದೆ," ಅಂದಳು ಆಚೆಬದಿಯವರಿಗೆ, ತೀರ ಮೆತ್ತಗೆ. "ಚೀಲ ಬಾಗಿಲಲ್ಲೇ ಇದೆ. ಎಡವಬೇಡಿ."

ಆಚೆಬದಿಯವರಿಗೆ ಆ ಕ್ಷಣದಲ್ಲಿ ನಾಳೆಯ ಮನೆ ಕಂಡಿತು. ಬಾಗಿಲ ಬಳಿ ಎಡವಲು ಏನೂ ಇಲ್ಲ. ಅಡುಗೆಮನೆಯಲ್ಲಿ ಸದ್ದಿಲ್ಲ. ಬೆಳಕಲ್ಲಿ ಚಾಚಿದ ಆ ಬರಿಗಾಲುಗಳನ್ನು ಅವರು ಇಷ್ಟು ದೂರದಿಂದ ಮೊದಲ ಸಲ ಸರಿಯಾಗಿ ನೋಡಿದರು. ಊದಿಕೊಂಡಿದ್ದವು. ಕಾಲಳೆಯುವ ಮನುಷ್ಯನಿಗೆ ಅದು ಎಷ್ಟು ದಿನದ ಊತವೆಂದು ಯಾರೂ ಹೇಳಬೇಕಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಎದ್ದು ಮೇಜಿನ ಹಿಂದೆ ಹೋಗಿ ಎರಡೂ ಕೈಯಿಟ್ಟು ತಳ್ಳಿದರು.

"ಸ್ವಲ್ಪ ದಾರಿ ಬಿಡಿ," ಅಂದರು. "ಆಚೆ ಬದಿಗೆ ಹೋಗಬೇಕು."

ಡಾಕ್ಟರು ಕುರ್ಚಿ ಸರಿಸುತ್ತ, "ಅಲ್ಲಿ ಜಾಸ್ತಿ ಕಣ್ರೀ," ಅಂದರು.

"ಗೊತ್ತು."

ಬರುವಾಗ ತಾನೇ ತೇಲಿಬಂದ ಮೇಜು ಏರುವಾಗ ಎಮ್ಮೆಯಂತೆ ಹಠ ಹಿಡಿಯಿತು. ಆಚೆಬದಿಯವರ ಅಂಗಿ ಬೆನ್ನಿಗೆ ಅಂಟಿತು. ಭಾವ ಕೂತಲ್ಲೇ ನಿದ್ದೆಯಲ್ಲಿ ಜೊತೆಗೆ ಬಂದರು. ಅಕ್ಕ ಎದ್ದು, ಸೂಪಿನ ಬಟ್ಟಲನ್ನು ಕೈಯಲ್ಲಿ ಹಿಡಿದು, ಗಂಡನ ಕುರ್ಚಿಯನ್ನು ಮೊಣಕಾಲಿನಿಂದ ನೂಕುತ್ತ ಹಿಂದೆ ನಡೆದಳು. ಹಿತ್ತಾಳೆ ಪಟ್ಟಿಯ ಮೇಲೆ ಗಾಲಿ ಕಟಕ್ಕೆಂದಾಗ ಪಡುವಣ ಬದಿಯ ಜನವೆಲ್ಲ ತುತ್ತು ಮರೆತು ನೋಡಿದರು. ಆ ಊರಿನಲ್ಲಿ ಕಡಿಮೆ ತೆರಿಗೆಯಿಂದ ಜಾಸ್ತಿ ತೆರಿಗೆಗೆ, ಅದೂ ಏರಿನಲ್ಲಿ, ಬೆವರು ಸುರಿಸಿ ಹೋದವರು ಹಿಂದೆ ಯಾರೂ ಇರಲಿಲ್ಲ.

ಮೇಜು ಕಿಟಕಿ ಮುಟ್ಟಿತು. ಕೈಬಿಟ್ಟರೆ ಮತ್ತೆ ಇಳಿಯಲು ನೋಡಿತು. ಆಚೆಬದಿಯವರು ಸರಕ್ಕನೆ ಗಾಲಿಗೆ ತಮ್ಮ ಪಾದ ಅಡ್ಡ ಕೊಟ್ಟು, ಬಡಿಸುವವನು ಹಿಂದೆಯೇ ಹೊತ್ತು ತಂದ ಕುರ್ಚಿಯಲ್ಲಿ ಹಾಗೇ ಕುಸಿದರು. ಆಗ ಅವರ ಕಣ್ಣಿಗೆ ಕಿಟಕಿಯ ಕಟ್ಟೆಯ ಮೇಲೆ, ಹೆಂಡತಿಯ ತಟ್ಟೆಯ ಪಕ್ಕ, ಆ ಮರದ ಬೆಣೆ ಕಂಡಿತು. ಆಕೆ ಅದನ್ನು ಮೊದಲ ಗೇಣಿಗೇ ಎತ್ತಿಟ್ಟುಕೊಂಡಿದ್ದಳು.

"ಆ ಬೆಣೆ ಕೊಡ್ತೀಯಾ?" ಅಂದರು ಮೆಲ್ಲಗೆ.

"ಊಟ ಮುಗೀಲಿ," ಅಂದಳು.

ಹಣ್ಣಿನ ಸಿಹಿ ಬಂತು. ಹೊಳೆಯ ಮೇಲೆ ಬಣ್ಣ ಇಳಿಯುತ್ತಿತ್ತು. ಮಂಜು ಒಂದೊಂದೇ ಎಳೆಯಾಗಿ ಏಳತೊಡಗಿತ್ತು. ಆಕೆ ಒಂದು ಚಮಚ ತಿಂದಳು, ನೀರು ನೋಡಿದಳು, ಇನ್ನೊಂದು ಚಮಚ ತಿಂದಳು. ತಟ್ಟೆ, ಮೇಜು, ಸಿಹಿ, ಭಾವ ಎಲ್ಲದರ ಭಾರ ಹೊತ್ತ ಗಾಲಿ ಆಚೆಬದಿಯವರ ಪಾದದ ಮೇಲೆ ಕೂತಿತ್ತು.

"ಕಾಲು ನೋಯ್ತಿದೆಯಾ?" ಎಂದು ಆಕೆ ಕೇಳಿದಳು. "ಎಲ್ಲಿ ಒತ್ತುತ್ತೆ? ಕಿರುಬೆರಳಿಗಾ?"

"ಎಲ್ಲಾ ಕಡೆ."

"ಹ್ಞೂಂ," ಅಂದಳು ಆಕೆ, ಬಹಳ ದಿನದ ಮೇಲೆ ತನ್ನ ಮಾತು ಒಬ್ಬರಿಗೆ ಅರ್ಥವಾದಂತೆ.

ಅಕ್ಕ ಬಾಯಿ ಒರೆಸಿಕೊಂಡು, "ಬೆಳಿಗ್ಗೆ ಬಸ್ಸಿಗೆ ನಿನಗೂ ಸೇರಿಸಿ ಟಿಕೆಟ್ ತೆಗೀಲಾ?" ಎಂದಳು.

ಆಚೆಬದಿಯವರು ಪಾದವನ್ನು ಗಾಲಿಯಡಿಗೆ ಇನ್ನಷ್ಟು ಒತ್ತಿದರು. ಹೆಂಡತಿ ಮೇಜಿನ ಕೆಳಗೊಮ್ಮೆ ಬಗ್ಗಿ ನೋಡಿದಳು. ಪಾದ ಅಲ್ಲೇ ಇತ್ತು.

"ನಿಮಗಿಬ್ಬರಿಗೇ ತೆಗಿ, ಅಕ್ಕ," ಅಂದಳು. "ಇವರು ಕಾಲು ತೆಗೆದರೆ ಆಮೇಲೆ ನೋಡೋಣ."

ಆಮೇಲೆ ಬಡಿಸುವವನನ್ನು ಕರೆದು, ಇನ್ನೊಂದು ತಟ್ಟೆ ಸಿಹಿ ತರಲು ಹೇಳಿದಳು. ಅವಸರವಿಲ್ಲ, ನಿಧಾನಕ್ಕೆ ತಂದರೆ ಸಾಕು ಎಂದೂ ಹೇಳಿದಳು.